ಒಂದು ಕಾಟು

ಬೋರ್ಡಿನ ಮೇಲೆ 'ಪೌರ ಸಂವಾದ ಕೇಂದ್ರ' ಎಂದಿದೆ.
ಶಿಡ್ಲಘಟ್ಟದ ಕೋಟೆ ಬೀದಿಯಲ್ಲಿ ಹಾಗೆ ಕೇಳಿದರೆ
ಯಾರೂ ದಾರಿ ತೋರಿಸುವುದಿಲ್ಲ.
ತಕ್ಕಡಿ ಮನೆ ಅನ್ನಿ,
ಹುಡುಗರು ಸೈಕಲ್ಲಿಳಿದು ತಂದು ಬಿಡುತ್ತಾರೆ.

ರೇಷ್ಮೆಗೂಡು ತೂಗುತ್ತಿದ್ದ ಮನೆ.
ತಟ್ಟೆಗಳು ಯಾವ ಗುಜರಿಗೋ ಹೋದವು,
ತೊಲೆಯಲ್ಲಿ ಕೊಕ್ಕೆ ಉಳಿಯಿತು.
ಈಗ ಅದಕ್ಕೊಂದು ಫ್ಯಾನು ನೇತುಹಾಕಿದ್ದೇವೆ;
ಎರಡನೇ ನಂಬರಿಗಿಟ್ಟರೆ
ಯಾರದೋ ಪಾಲು ಕಡಿಮೆ ಬಿದ್ದಂತೆ ಓಲುತ್ತದೆ.

ಶುಕ್ರವಾರ ಬೇಡ, ನಮಾಜು.
ಶನಿವಾರ ಬೇಡ, ಆಂಜನೇಯನಿಗೆ ಎಲೆಪೂಜೆ.
ಸೋಮವಾರ ಸಂತೆ.
ಬುಧವಾರ ಸಂಜೆ ಆರೂವರೆ ಎಂದು ಗೊತ್ತಾಗಲು
ಮೂರು ಸಭೆ ಬೇಕಾದವು.

ನಡಾವಳಿ ಬರೆಯುವವನು ನಾನು.
ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಊರಿನ ಕಾಗದ ವಿಂಗಡಿಸಿದೆ,
ಒಂದನ್ನೂ ಒಡೆದು ನೋಡಲಿಲ್ಲ.
ಇಲ್ಲಿ ಎಲ್ಲ ಒಡೆದೇ ಬರುತ್ತದೆ.
ತೆಲುಗಿನಲ್ಲಿ ಬೈದದ್ದು,
ಉರ್ದುವಿನಲ್ಲಿ ತಿರುಗಿಸಿ ಕೊಟ್ಟದ್ದು,
ಎರಡೂ ನನ್ನ ಪುಸ್ತಕದಲ್ಲಿ
'ಸದಸ್ಯರು ಅಭಿಪ್ರಾಯ ವ್ಯಕ್ತಪಡಿಸಿದರು.'

ಕಳೆದ ವಾರ ಚರಂಡಿಯ ಮಾತು.
ಪಿಳ್ಳಾಂಜಿನಪ್ಪ ಎದ್ದು ನಿಂತರು:
ಬಿಚ್ಚಾಣಿಕೆಯ ನೀರು ನನ್ನ ಬಾಗಿಲಿಗೇ ಬರುತ್ತೆ,
ಹುಳ ಬೆಂದ ವಾಸನೆ,
ಮಗಳನ್ನ ನೋಡಲು ಬಂದವರು
ಕಾಫಿ ಲೋಟ ಕೆಳಗಿಟ್ಟು ಎದ್ದುಬಿಟ್ಟರು.
ಹಸೀನಾ ಬಿ ಚಾಪೆಯ ಅಂಚಿನಲ್ಲಿದ್ದರು,
ತುಟಿ ಬಿಚ್ಚಲಿಲ್ಲ.
ಬರೆದೆ. ಗೋಡೆಗೆ ಅಂಟಿಸಿದೆ.

ಈ ಬುಧವಾರ ಎಲ್ಲರಿಗಿಂತ ಮೊದಲು ಬಂದಿದ್ದರು.
ಚರಕದ ಮುಂದೆ ನಲವತ್ತು ವರ್ಷ ಕೂತ ಬೆನ್ನು.
ಓದಿ ಹೇಳಿದ್ದು ಮೊಮ್ಮಗಳಂತೆ.
ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವ ಬೆರಳು
ನನ್ನ ಸಾಲಿನ ಮೇಲೆ ಬಂದು ನಿಂತಿತು.
"ವಾಸನೆ ಅಂದ್ರು ಆಯಪ್ಪ. ನಾನೇ ಕೇಳಿದೀನಿ.
ದುರ್ ಅಂತ ಯಾರಂದ್ರು, ಸಾಮಿ?"

ದುರ್ವಾಸನೆ.
ಯಾರೂ ಅಂದಿರಲಿಲ್ಲ.
ನನ್ನ ಪೆನ್ನು ಅಂದಿತ್ತು.
ವಾಸನೆ ಎಂದು ಬರೆಯಹೊರಟಾಗ
ಕರೆಯದೆ ಬಂದು ಮೊದಲ ಪಂಕ್ತಿಯಲ್ಲೇ
ಎಲೆ ಹಿಡಿದ ನೆಂಟ ಅದು.

"ಇರಲಿ ಬಿಡಿ," ಎಂದರು ಪಿಳ್ಳಾಂಜಿನಪ್ಪ,
"ನನ್ನ ಮನಸ್ಸಲ್ಲಿದ್ದದ್ದೂ ಅದೇನೇ."
"ಮನಸ್ಸಲ್ಲಿದ್ದದ್ದನ್ನ ಮನಸ್ಸಲ್ಲೇ ಇಟ್ಕೊಂಡ್ರಲ್ಲ,
ಅದಕ್ಕೇ ನಾನು ಈ ವಾರಾನೂ ಬಂದೆ."

ಆಮೇಲೆ ಒಂದು ಗಂಟೆ ಎರಡು ಅಕ್ಷರದ ಜಗಳ.
ಇಸ್ತ್ರಿ ಅಂಗಡಿಯ ಬೈಯಣ್ಣ ಕೇಳಿದ:
ಹಾಗಾದ್ರೆ ಕನಕಾಂಬರಕ್ಕೆ ವಾಸನೆ ಇದೆಯಾ ಇಲ್ವಾ?
ಯಾರೋ ನಕ್ಕರು, ಯಾರೋ ಇದು ಸಭೆಯಾ ಎಂದರು.
ಸೊಪ್ಪಿನ ದ್ಯಾವಮ್ಮ ಸುಮ್ಮನೆ ಅಂದದ್ದು:
ನಮ್ಮಪ್ಪನ ಅಂಗಿಯಲ್ಲೂ ಅದೇ ಇತ್ತು.
ಅಪ್ಪ ಹೋದ ಮೇಲೂ ಗೂಟದಲ್ಲಿ
ಬಹಳ ದಿನ ಇತ್ತು.

ಕೆಂಪು ಪೆನ್ನು ಸಿಗಲಿಲ್ಲ.
ನೀಲಿಯಲ್ಲೇ ಕಾಟು ಹೊಡೆದು ಪಕ್ಕದಲ್ಲಿ ರುಜು ಹಾಕಿದೆ.
ದು ಹೋಯಿತು.
ಅರ್ಕಾವತ್ತು ಮಾತ್ರ ವಾ ಅಕ್ಷರದ ಬಗಲಿಗೆ
ಅಂಟಿಕೊಂಡೇ ಇತ್ತು, ಪುಟ್ಟ ಕೊಕ್ಕೆ.
ಅದನ್ನೂ ಕೆರೆಯಲು ಹೋಗಿ
ಹಾಳೆ ತೂತಾಯಿತು.
ಹಿಂದಿನ ಪುಟದ ನಲ್ಲಿ ನೀರಿನ ಠರಾವು
ಅದರೊಳಗಿಂದ ಅರ್ಧ ಅಕ್ಷರದಷ್ಟು ಕಾಣುತ್ತದೆ.

ಚರಂಡಿ ಮುಂದಿನ ಬುಧವಾರಕ್ಕೆ ಹೋಯಿತು.
ಹೊರಟಾಗ ಬೀದಿಯಲ್ಲಿ ಕರೆಂಟಿರಲಿಲ್ಲ,
ಬಾಗಿಲ ಮುಂದೆ ಅದೇ ನೀರು,
ಅದರ ಮೇಲೊಂದು ಅಲುಗುವ ಚಪ್ಪಡಿ.
ಹಸೀನಾ ಬಿ ಸೆರಗು ಎತ್ತಿ ಹಿಡಿದು ದಾಟಿದರು.
ಪಿಳ್ಳಾಂಜಿನಪ್ಪ ಟಾರ್ಚು ಬಿಟ್ಟರು,
ಒಂದು ಕೈಯಲ್ಲಿ ಟಾರ್ಚು,
ಇನ್ನೊಂದರಲ್ಲಿ ಮೂಗು.

ಇದನ್ನು ನಡಾವಳಿಯಲ್ಲಿ ಬರೆದಿಲ್ಲ.
ಸಭೆ ಮುಗಿದಿತ್ತು.